ಗ್ರೇಡ್ 4 ಕ್ಯಾಂಪ್: ಮಗಳನ್ನು ಕಳಿಸಲಾ, ಬೇಡ್ವಾ?

ಟಾರ್ನೀಟ್ ಅಮ್ಮ: ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಗಳ ಶಾಲೆಯ ಕ್ಯಾಂಪ್ ಇದೆ. ಇಲ್ಲೇ ಮೆಲ್ಬರ್ನ್ ಹತ್ತಿರ, ಮಾರ್ನಿಂಗ್ಟನ್ ಪೆನಿನ್ಸುಲಾ ಕಡೆ, ಎರಡು ರಾತ್ರಿ. ಇವಳು ಇವತ್ತಿನ ತನಕ ನನ್ನನ್ನು ಬಿಟ್ಟು ಒಂದು ರಾತ್ರಿಯೂ ಮಲಗಿಲ್ಲ. ಫೋನ್ ಒಯ್ಯುವ ಹಾಗಿಲ್ಲವಂತೆ. ನಾವು ಮೊಟ್ಟೆಯೂ ತಿನ್ನುವುದಿಲ್ಲ. ನಮ್ಮನೆಯವರು ಸುಮ್ನೆ ಕಳಿಸು ಅನ್ನುತ್ತಾರೆ, ಅತ್ತೆ ಊರಿಂದ ಫೋನ್ ಮಾಡಿ ಹೆಣ್ಣುಮಗು, ಬೇಡಮ್ಮ ಅನ್ನುತ್ತಾರೆ. ಶುಕ್ರವಾರದೊಳಗೆ ಒಪ್ಪಿಗೆ ಕೊಡಬೇಕು. ಕಳಿಸಿದವರು ಊಟಕ್ಕೆ ಏನು ಮಾಡಿದಿರಿ?

ಪಾಯಿಂಟ್ ಕುಕ್ ಅಕ್ಕ: ಕಳಿಸಿ. ಫಾರಂನಲ್ಲಿ ಬರೀ ವೆಜಿಟೇರಿಯನ್ ಅಂತ ಬರೆದರೆ ಸಾಲದು. ಮೊಟ್ಟೆ ಬೇಡ, ಜೆಲಟಿನ್ ಬೇಡ ಅಂತ ಬಿಡಿಸಿ ಬರೆಯಿರಿ. ರಾತ್ರಿ ಬೆಂಕಿ ಹಾಕಿ ಮಾರ್ಷ್‌ಮ್ಯಾಲೋ ಸುಡುತ್ತಾರಲ್ಲ, ಸಾಮಾನ್ಯವಾಗಿ ಅದರಲ್ಲಿ ಜೆಲಟಿನ್ ಇರುತ್ತದೆ, ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವಂಥದ್ದು. ಮೊದಲ ಸಲ ನನ್ನ ಮಗ ಖಾಲಿ ಕಡ್ಡಿ ಹಿಡಿದು ನಿಂತಿದ್ದನಂತೆ, ಪಾಪ. ಮುಂದಿನ ಸಲ ವೀಗನ್ ಪ್ಯಾಕೆಟ್ ತಂದು ಟೀಚರ್ ಕೈಗೇ ಕೊಟ್ಟೆ.

ಮಲ್ನಾಡ್ ಮಾವ: 24 ವರ್ಷದಿಂದ ಇಲ್ಲಿದ್ದೇನೆ, ನೇರವಾಗಿ ಹೇಳುತ್ತೇನೆ. ತೊಂದರೆ ಕ್ಯಾಂಪ್‌ನಲ್ಲಿಲ್ಲ, ನಮ್ಮಲ್ಲಿದೆ. ಹತ್ತು ವರ್ಷದ ಮಗುವಿಗೆ ಐಪ್ಯಾಡ್ ಕೊಟ್ಟು ಕೂರಿಸಿ ತುತ್ತು ತಿನ್ನಿಸುತ್ತೇವೆ. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ನಾವು ಹಳ್ಳ ದಾಟಿ ಶಾಲೆಗೆ ಹೋಗುತ್ತಿದ್ದೆವು, ಉಂಬಳ ಕಚ್ಚಿದರೆ ಸುಣ್ಣ ಹಚ್ಚಿಕೊಂಡು ಮುಂದೆ ನಡೆಯುತ್ತಿದ್ದೆವು. ನಮ್ಮಪ್ಪ ಯಾವ ಫಾರಂಗೆ ಸಹಿ ಹಾಕಿದ್ದರು?

ಮೈಸೂರ್ ಪಾಕ್: ಮಾವ, ಹಳ್ಳ ದಾಟುವಾಗ ಪಕ್ಕದಲ್ಲಿ ಅಣ್ಣ ಅಕ್ಕ ಇದ್ದರು ಅಲ್ವಾ? ಇಲ್ಲಿ ಮನೆಗೊಂದು ಮಗು.

ಮಲ್ನಾಡ್ ಮಾವ: ಅದನ್ನೇ ನಾನೂ ಹೇಳುತ್ತಿರುವುದು. ನಾಲ್ಕು ಮಕ್ಕಳ ಜೊತೆ ಮಲಗಿ ಎದ್ದು ಬರಲಿ.

ಮೈಸೂರ್ ಪಾಕ್: ಅದಕ್ಕೆ ದುಡ್ಡು ಕೊಟ್ಟು ಕ್ಯಾಂಪೇ ಬೇಕಾ? ಡಿಸೆಂಬರ್ ರಜೆಗೆ ಅಜ್ಜಿ ಮನೆಗೆ ಕಳಿಸಿದರೆ ಆಯಿತು, ಕನ್ನಡವೂ ಬರುತ್ತದೆ.

ಮಲ್ನಾಡ್ ಮಾವ: ಅಜ್ಜಿ ಮನೆಯಲ್ಲೂ ಈಗ ವೈಫೈ ಇದೆ ಸ್ವಾಮಿ.

ಹುಬ್ಬಳ್ಳಿಯವ: ನಾವು ಕಳಿಸಲಿಲ್ಲ. ಆ ಮೂರು ದಿನ ಮಗ ಶಾಲೆಗೆ ಹೋಗಿ ಚಿಕ್ಕ ಮಕ್ಕಳ ಕ್ಲಾಸಿನಲ್ಲಿ ಕೂತು ಬಂದ. ಕ್ಯಾಂಪ್‌ನಿಂದ ಬಂದವರದ್ದು ವಾರವಿಡೀ ಅದೇ ಮಾತು. ಹಗ್ಗಕ್ಕೆ ಜೋತುಬಿದ್ದು ಜಾರುವ ಫ್ಲೈಯಿಂಗ್ ಫಾಕ್ಸ್ ಅಂತೆ, ರಾತ್ರಿ ಮರದಲ್ಲಿ ಓಡಾಡುವ ಪಾಸಮ್ ಅನ್ನೋ ಪ್ರಾಣಿಯನ್ನು ಟಾರ್ಚ್ ಹಿಡಿದು ಹುಡುಕಿದ್ದಂತೆ. ಇವನಿಗೆ ಹೇಳಲು ಏನೂ ಇರಲಿಲ್ಲ. ಈಗ ಯೂನಿವರ್ಸಿಟಿಯಲ್ಲಿದ್ದಾನೆ, ಇವತ್ತಿಗೂ ಎತ್ತಿ ಆಡುತ್ತಾನೆ.

ಪಾಯಿಂಟ್ ಕುಕ್ ಅಕ್ಕ: ಪ್ರಶ್ನೆ ಕೇಳಿದವರಿಗೆ ಯಾರಾದರೂ ಉತ್ತರ ಕೊಡ್ರಪ್ಪಾ! ಔಷಧಿ ಇದ್ದರೆ ಮಗುವಿನ ಚೀಲದಲ್ಲಿ ಇಡಬೇಡಿ, ಫಾರ್ಮಸಿ ಲೇಬಲ್ ಇರುವ ಡಬ್ಬಿಯಲ್ಲೇ ಟೀಚರ್‌ಗೆ ಕೊಡಿ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಹೆಲ್ತ್ ಕೇರ್ ಕಾರ್ಡ್ ಇದ್ದರೆ ಶಾಲೆಯ ಆಫೀಸಿನಲ್ಲಿ ಸಿಎಸ್‌ಇಎಫ್ (ಕ್ಯಾಂಪ್ಸ್, ಸ್ಪೋರ್ಟ್ಸ್ ಅಂಡ್ ಎಕ್ಸ್‌ಕರ್ಷನ್ಸ್ ಫಂಡ್) ಕೇಳಿ, ವಿಕ್ಟೋರಿಯಾ ಸರ್ಕಾರ ಇಂಥದ್ದಕ್ಕೇ ಕೊಡುವ ಹಣ ಅದು. ರಾತ್ರಿ ಹಾಸಿಗೆ ಒದ್ದೆಯಾಗುವ ಮಗುವಾದರೆ ಟೀಚರ್‌ಗೆ ಮೊದಲೇ ಹೇಳಿಡಿ, ಗುಟ್ಟಾಗಿ ನೋಡಿಕೊಳ್ಳುತ್ತಾರೆ. ನನ್ನ ಮಗ ವಾಪಸ್ ಬಂದ ದಿನ ಊಟವಾದ ಮೇಲೆ ಎಲ್ಲರ ತಟ್ಟೆಯ ಎಂಜಲು ಬಳಿದು ಸಿಂಕ್ ಪಕ್ಕ ಜೋಡಿಸಿಟ್ಟ, ಅಲ್ಲಿ ಅದು ಅವರ ಗುಂಪಿನ ಕೆಲಸವಂತೆ. ನಾಲ್ಕೇ ದಿನ ನಡೆಯಿತು, ಆ ಮಾತು ಬೇರೆ. ಹಾಂ, ಸ್ಲೀಪಿಂಗ್ ಬ್ಯಾಗ್ ವಾಪಸ್ ಚೀಲಕ್ಕೆ ಹಾಕುವುದನ್ನು ಮನೆಯಲ್ಲೇ ಕಲಿಸಿ.

ಮಲ್ನಾಡ್ ಮಾವ: ಅದನ್ನೂ ಅಮ್ಮನೇ ಕಲಿಸಬೇಕು!

ಟಾರ್ನೀಟ್ ಅಮ್ಮ: ಒಪ್ಪಿಗೆ ಕೊಟ್ಟೆ. ಅತ್ತೆಗೆ ಇನ್ನೂ ಹೇಳಿಲ್ಲ. ಅಕ್ಕಾ, ಅರ್ಧ ಗಂಟೆಯಿಂದ ಇಬ್ಬರೂ ಒದ್ದಾಡುತ್ತಿದ್ದೇವೆ. ಸ್ಲೀಪಿಂಗ್ ಬ್ಯಾಗ್ ಸುತ್ತಬೇಕಾ, ತುರುಕಬೇಕಾ?

ಪಾಯಿಂಟ್ ಕುಕ್ ಅಕ್ಕ: ತುರುಕಿ. ಕಾಲಿನ ಕಡೆಯಿಂದ.