ಎರಡನೇ ಮಿಠಾಯಿಗೆ ಕಾಯದ ಹುಡುಗ: ಓದುಗರ ಸ್ಪಂದನ

(ಹಾಸನದ ತಾಯಿಯೊಬ್ಬರ ಸಮಸ್ಯೆ: ಐದು ವರ್ಷದ ಮಗನಿಗೆ ಕಾಯುವುದೇ ಆಗದು. ಈಗ ತಿಂದರೆ ಒಂದು ಕಡಲೆ ಮಿಠಾಯಿ, ಕಾದರೆ ಎರಡು ಎಂದರೆ ತಕ್ಷಣ ಬಾಯಿಗೆ ಹಾಕಿಕೊಂಡ. ಇಂಥ ಮಕ್ಕಳು ಮುಂದೆ ಓದಿನಲ್ಲಿ ಹಿಂದೆ ಬೀಳುತ್ತಾರಂತೆ, ನಿಜವೇ?)

ಅಕ್ಕಾ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಲ್ಲಿ ಶುರು ಮಾಡಿದ ಪರೀಕ್ಷೆ. ಕಾದ ಮಕ್ಕಳೇ ಮುಂದೆ ಜಾಸ್ತಿ ಅಂಕ ತೆಗೆದರು ಅಂತ 1990ರಲ್ಲಿ ವರದಿ ಬಂತು, ಎಲ್ಲರೂ ಅದನ್ನೇ ಹಿಡಿದುಕೊಂಡರು. ಆದರೆ 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಲೆಕ್ಕ ನೋಡಿದಾಗ ಆ ನಂಟು ಅರ್ಧಕ್ಕಿಳಿಯಿತು, ಮನೆಯ ಹಿನ್ನೆಲೆಯನ್ನೂ ಸೇರಿಸಿ ನೋಡಿದರೆ ಇನ್ನೂ ಸಣ್ಣದಾಯಿತು. ನನಗೆ ಹಿಡಿಸಿದ್ದು ರೋಚೆಸ್ಟರ್ ವಿಶ್ವವಿದ್ಯಾಲಯದವರ ಪ್ರಯೋಗ. 28 ಮಕ್ಕಳು. ಒಳ್ಳೆ ಕ್ರೇಯಾನ್ ತರ್ತೀನಿ ಅಂತ ಹೇಳಿ ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು, ಉಳಿದವರಿಗೆ 'ಅಯ್ಯೋ, ಇರಲಿಲ್ಲ' ಅಂದರು. ಆಮೇಲೆ ಮಿಠಾಯಿ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಇನ್ನೊಂದು ಗುಂಪು ಬರೀ 3 ನಿಮಿಷ.

ಓದಿದಾಗ ನನ್ನ ಮಗಳೇ ನೆನಪಾದಳು. ಭಾನುವಾರ ಬೇಲೂರಿಗೆ ಹೋಗೋಣ ಅಂತ ಮೂರು ವಾರ ಹೇಳಿ ಮೂರು ವಾರವೂ ಹೋಗಿರಲಿಲ್ಲ. ನಾಲ್ಕನೇ ವಾರ ನಿಜವಾಗಿಯೂ ಹೊರಟರೆ ಅವಳು ಚಪ್ಪಲಿಯನ್ನೇ ಹಾಕಿಕೊಳ್ಳಲಿಲ್ಲ. 'ನೀನು ಸುಮ್ನೆ ಹೇಳ್ತೀಯ' ಅಂತ ಗೊಂಬೆಗೆ ತಲೆ ಬಾಚುತ್ತಾ ಕೂತಳು.
– ಗೃಹಿಣಿ, ಚಿಕ್ಕಮಗಳೂರು

ಮೇಲಿನವರು ಹೇಳಿದ್ದು ಸರಿ. ಮೆಣಸಿನ ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾಗುವವರೆಗೆ ಬಿಡಬೇಕು ಅಂತ ನನಗೆ ಗೊತ್ತಿಲ್ವಾ? ಹೋದ ವರ್ಷ ರಸ್ತೆ ಪಕ್ಕದ ಬಳ್ಳಿಗಳನ್ನು ರಾತ್ರೋರಾತ್ರಿ ಯಾರೋ ಬೋಳು ಮಾಡಿ ಹೋದರು. ಈ ವರ್ಷ ಹಸಿರಿದ್ದಾಗಲೇ ಏಣಿ ಇಟ್ಟೆ. ಮನೆಯವಳು ನಿಮಗೆ ತಾಳ್ಮೆಯೇ ಇಲ್ಲ ಅಂದಳು. ತಾಳ್ಮೆಗೇನು, ಬೆಳಗಾದರೂ ಮೆಣಸು ಬಳ್ಳಿಯಲ್ಲೇ ಇರುತ್ತೆ ಅನ್ನೋ ಧೈರ್ಯ ಬೇಕಲ್ಲ!
– ಬೆಳೆಗಾರ, ಮೂಡಿಗೆರೆ

ಮೇಡಂ, ಮಾತು ಉಳಿಸಿಕೊಳ್ಳುವ ಮನೆಯಲ್ಲೂ ಮಕ್ಕಳು ಆತುರ ಪಡುತ್ತಾರೆ, ಅದಕ್ಕೆ ನಿಮ್ಮನ್ನೇ ಬೈದುಕೊಳ್ಳಬೇಡಿ. ಆಸೆಗೆ ಕಡಿವಾಣ ಹಾಕುವುದರಲ್ಲಿ ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಎಂಬ ಮೆದುಳಿನ ಭಾಗದ ಪಾಲು ದೊಡ್ಡದು, ಅದು ಪೂರ್ತಿ ಬಲಿಯುವುದಕ್ಕೆ ಸುಮಾರು 25 ವರ್ಷ ಬೇಕು. ನಿಮ್ಮವನಿಗೆ ಐದು! ಮಿಠಾಯಿಯನ್ನು ಕಣ್ಣೆದುರು ಇಡಬೇಡಿ. ಮಿಶೆಲ್ ಅವರ ಪ್ರಯೋಗದಲ್ಲೂ ತಿಂಡಿ ಕಾಣದಂತೆ ಇಟ್ಟಾಗ ಮಕ್ಕಳು ಎಷ್ಟೋ ಜಾಸ್ತಿ ಹೊತ್ತು ಕಾದಿದ್ದರು. ನಮ್ಮ ಸ್ಟಾಫ್ ರೂಮಿನಲ್ಲಿ ಕೋಡುಬಳೆ ಡಬ್ಬಿ ತೆರೆದರೆ ಬೆಲ್ ಹೊಡೆಯುವವರೆಗೆ ಯಾರೂ ಕಾಯುವುದಿಲ್ಲ, ನಾನಂತೂ ಮೊದಲನೆಯವಳು.

ಅಂದಹಾಗೆ, ಎಷ್ಟು ಹೊತ್ತು ಕಾಯಬೇಕು ಅಂತ ಅವನಿಗೆ ಹೇಳಿದ್ರಾ? ಅಷ್ಟು ಚಿಕ್ಕವನಿಗೆ 'ಆಮೇಲೆ' ಅಂದರೆ ಏನು ಗೊತ್ತಾಗುತ್ತೆ? ಕುಕ್ಕರ್ ಮೂರು ಸಲ ಕೂಗುವವರೆಗೆ ಅಂತ ಹೇಳಿ ನೋಡಿ. ಕೂಗಿದ ತಕ್ಷಣ ಕೊಟ್ಟುಬಿಡಿ, ನಾಲ್ಕನೇ ಸಲಕ್ಕೆ ಎಳೆಯಬೇಡಿ.
– ಶಾಲಾ ಶಿಕ್ಷಕಿ, ಅರಸೀಕೆರೆ