641ಕ್ಕೇ ಕೈ ಹೋಗಿದ್ದು ಹೇಗೆ?

ಮಂಡಿ ಗುಮಾಸ್ತ, ಶಿವಮೊಗ್ಗ
ಅಡಿಕೆ ಮಂಡೀಲಿ ಲೆಕ್ಕ ಬರೆಯೋನು ನಾನು. ಪಿಯುಸಿ ಓದೋ ಮಗಳು ಒಂದು ಸಂಖ್ಯೆ ತಂದಿಟ್ಟಿದಾಳೆ: 4294967297. 2ರ 32ನೇ ಘಾತಕ್ಕೆ ಒಂದು ಕೂಡಿಸಿದ್ದು. ಇದೇ ಜಾತಿಯ (2ರ 1, 2, 4, 8, 16ನೇ ಘಾತಕ್ಕೆ ಒಂದು ಕೂಡಿಸಿದ) 3, 5, 17, 257, 65537 ಎಲ್ಲ ಅವಿಭಾಜ್ಯ, ಮುಂದಿನವೂ ಹಾಗೇ ಅಂತ ಗಣಿತಜ್ಞ ಫರ್ಮಾ ನಂಬಿದ್ರಂತೆ. 1732ರಲ್ಲಿ ಆಯ್ಲರ್ ಅನ್ನೋ ಇನ್ನೊಬ್ಬ ಗಣಿತಜ್ಞ 641ರಿಂದ ಇದನ್ನ ಒಡೆದುಬಿಟ್ರು. ಮಳೆಗೆ ಕರೆಂಟಿಲ್ಲ, ಮೊಬೈಲ್ ಸತ್ತಿತ್ತು. ರಫ್ ಪುಸ್ತಕದಲ್ಲೇ ಭಾಗಿಸಿದೆ: ಭಾಗಲಬ್ಧ 6700417, ಶೇಷ ಸೊನ್ನೆ. ಅಲ್ಲಿಗೆ ಒಪ್ಪಿದೆ. ಆದ್ರೆ ಇದರ ವರ್ಗಮೂಲ 65536ರ ಹತ್ರ, ಅಲ್ಲೀತನಕ ಅವಿಭಾಜ್ಯಗಳೇ 6542 ಇವೆ! ಕಂಪ್ಯೂಟರ್ ಇಲ್ಲದ ಕಾಲದಲ್ಲಿ 641ನ್ನ ಹಿಡಿದಿದ್ದು ಹೇಗೆ? ‘ಅವರು ಜೀನಿಯಸ್ಸು’ ಅನ್ನೋ ಉತ್ತರ ಬೇಡ ಮಾರಾಯ್ರೆ, ಅದನ್ನ ಮಗಳು ಕೊಟ್ಟಾಗಿದೆ.

ಕೊಪ್ಪದ ಟೀಚರ್
ಸಿಕ್ಕಸಿಕ್ಕಿದ್ದರಿಂದೆಲ್ಲ ಭಾಗಿಸಬೇಕಿಲ್ಲ ಸರ್. ‘ಪ’ ಅನ್ನೋ ಅವಿಭಾಜ್ಯ ಇದನ್ನ ಭಾಗಿಸುತ್ತೆ ಅಂತಿಟ್ಕೊಳ್ಳಿ. ಆಗ 2ರ 32ನೇ ಘಾತವನ್ನ ‘ಪ’ದಿಂದ ಭಾಗಿಸಿದ್ರೆ ಶೇಷ −1 ಅನ್ನಬಹುದು. ವರ್ಗ ಮಾಡಿ, 64ನೇ ಘಾತಕ್ಕೆ ಶೇಷ 1. 64ನ್ನ ಭಾಗಿಸೋ ಚಿಕ್ಕ ಘಾತಕ್ಕೇ 1 ಬಂದಿದ್ರೆ 32ನೇದಕ್ಕೂ 1 ಬರ್ತಿತ್ತು, ಆದ್ರೆ ಅಲ್ಲಿ ಬಂದಿದ್ದು −1. ಅಂದ್ರೆ ಎರಡರಿಂದ ಗುಣಿಸ್ತಾ ಹೋದ್ರೆ ಶೇಷ 1 ಮೊದಲು ಬರೋದೇ 64ನೇ ಸಲಕ್ಕೆ, ಆಮೇಲೆ ಪ್ರತಿ 64ಕ್ಕೊಮ್ಮೆ. ಫರ್ಮಾರ ಪುಟ್ಟ ಪ್ರಮೇಯದ ಪ್ರಕಾರ ಪ−1ನೇ ಸಲಕ್ಕೂ 1 ಬರಲೇಬೇಕು. ಹಾಗಾಗಿ ಪ−1 ಅನ್ನೋದು 64ರ ಮಗ್ಗಿಯಲ್ಲೇ ಇರಬೇಕು. ಆ ಮಗ್ಗಿಗೆ ಒಂದೊಂದು ಕೂಡಿಸಿ, ಅವಿಭಾಜ್ಯಗಳನ್ನ ಆರಿಸಿ: 193, 257, 449, 577, 641. ಐದನೇದಕ್ಕೇ ಸಿಕ್ತು. ಫರ್ಮಾರ ಊಹೆ ಮುರಿಯೋಕೆ ಫರ್ಮಾರ ಪ್ರಮೇಯವೇ ಸಾಕಾಯ್ತು ನೋಡಿ, ಕ್ಲಾಸಲ್ಲಿ ಇದನ್ನ ಹೇಳೋವಾಗ ನಂಗೆ ಏನೋ ಒಂಥರ ಖುಷಿ.

ತುಂಗೆ ದಡದವ
ಮೇಡಂ ಹೇಳಿದ್ದಕ್ಕೆ ಬಾಲಂಗೋಚಿ: 64 ಅಲ್ಲ, 128ರ ಮಗ್ಗಿಯೇ ಸಾಕು ಅಂತ ಆಮೇಲೆ ಲ್ಯೂಕಾ ಅನ್ನೋ ಗಣಿತಜ್ಞ ತೋರಿಸಿದ್ರು. ಆಗ ಉಳಿಯೋದು 257, 641 ಎರಡೇ. 257 ಗುಮಾಸ್ತರ ಪಟ್ಟಿಯಲ್ಲೇ ಇದೆ, ಆ ಪಟ್ಟಿಯ ಯಾವ ಎರಡಕ್ಕೂ ಸಾಮಾನ್ಯ ಅಪವರ್ತನ ಇರಲ್ಲ, ಅದನ್ನ ಬಿಡಿ. ಮೊದಲ ಏಟಿಗೇ 641!
ಭಾಗಾಕಾರವೂ ಬೇಡ. 641 = 5×128 + 1, ಹಾಗೇ 641 = 625 + 16. ಮೊದಲನೇದರಿಂದ 5×128ಕ್ಕೆ ಶೇಷ −1. ನಾಲ್ಕನೇ ಘಾತಕ್ಕೇರಿಸಿ: 625 × (2ರ 28ನೇ ಘಾತ), ಶೇಷ 1. ಎರಡನೇದರಿಂದ 625ಕ್ಕೆ ಶೇಷ −16, ಹಾಗಾಗಿ 625 ತೆಗೆದು −16 ಹಾಕಿ. 2ರ 32ನೇ ಘಾತಕ್ಕೆ ಶೇಷ −1 ಅಂತ ತಾನಾಗೇ ಬಂತು.

ಮಂಡಿ ಗುಮಾಸ್ತ
625ರ ಜಾಗಕ್ಕೆ −16 ಹಾಕಿದ್ದು ಭಾರಿ ಚೆಂದ! ನಂದು ಮಂಡಿ ಬುದ್ಧಿ, ಒಂಬತ್ತರ ತಾಳೆ ನೋಡದೆ ಪುಸ್ತಕ ಮುಚ್ಚಲ್ಲ. ದೊಡ್ಡ ಸಂಖ್ಯೆಯ ಅಂಕಿ ಕೂಡಿದ್ರೆ 59, ಅದು 14, ಅದು 5. 641ಕ್ಕೆ 2, 6700417ಕ್ಕೆ 7. ಎರಡೇಳ್ಲ 14, ಅದೂ 5.

ಕೊಪ್ಪದ ಟೀಚರ್
ಅಂಕಿ ಹಿಂದುಮುಂದಾದ್ರೆ ಒಂಬತ್ತಕ್ಕೆ ಗೊತ್ತಾಗಲ್ಲ ಸರ್, 11ರದ್ದೂ ನೋಡ್ಬಿಡಿ. ಬಲದಿಂದ ಕೂಡಿ ಕಳೆದು ಹೋದ್ರೆ 641ಕ್ಕೆ 3, 6700417ಕ್ಕೆ 9. ಗುಣಿಸಿದ್ರೆ 27, ಹನ್ನೊಂದರಲ್ಲಿ ಶೇಷ 5. ದೊಡ್ಡದನ್ನ ನೀವೇ ಮಾಡಿ.