ಅಪ್‌ಡೇಟ್: ಹಾಸನದಿಂದ ಕಠ್ಮಂಡುವಿಗೆ ಹೋಗಿ ಬಂದೆವು

ಹಾಸನದ ನಾವು ನಾಲ್ವರು ಗೆಳೆಯರು ಕಡಿಮೆ ಖರ್ಚಿನಲ್ಲಿ ಕಠ್ಮಂಡು ಸುತ್ತಬಹುದೇ ಎಂದು ನಿಮ್ಮನ್ನು ಕೇಳಿದ್ದೆ. ಹೋಗಿ ಬಂದೆವು, ಉತ್ತರಿಸಿದ ಎಲ್ಲರಿಗೂ ವಂದನೆಗಳು. ಆಧಾರ್ ನಂಬಬೇಡಿ, ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಒಯ್ಯಿರಿ ಎಂದ ಅಣ್ಣನಿಗೆ ಇನ್ನೊಂದು ವಂದನೆ. ನಮ್ಮ 100 ರೂಪಾಯಿಗೆ ಅಲ್ಲಿನ 160, ಲೆಕ್ಕ ಸುಲಭ.

ಅಸನ್ ಪೇಟೆಯ ಜನಜಂಗುಳಿಗೆ ಮಾತ್ರ ನಾವು ಸಿದ್ಧರಿರಲಿಲ್ಲ. ಆರು ಬೀದಿಗಳು ಕೂಡುವ ಜಾಗವದು. ಮಸಾಲೆಯ ಮೂಟೆ, ಹಿತ್ತಾಳೆ ಪಾತ್ರೆ, ನಡುವೆ ನುಗ್ಗುವ ಬೈಕುಗಳು. ಬೆನ್ನಿಗೆ ಚೀಲ ಹೊತ್ತವನು ತಿರುಗಿದರೆ ಹಿಂದಿನವನಿಗೆ ತಾಗುತ್ತದೆ. ನಮ್ಮಲ್ಲೊಬ್ಬ ಅರ್ಧ ಗಂಟೆ ಕಾಣೆಯಾಗಿ, ಕೊನೆಗೆ ಅನ್ನಪೂರ್ಣೆಯ ಗುಡಿಯ ಮುಂದೆ ಸಿಕ್ಕಿದ. ಎದೆ ಒಡೆದೇ ಹೋಗಿತ್ತು! ಹೋಗುವವರು ಮೊದಲೇ ಸೇರುವ ಜಾಗವನ್ನು ಗೊತ್ತುಮಾಡಿಕೊಳ್ಳಿ.

ಬೇಲೂರು, ಹಳೇಬೀಡುಗಳ ಕಲ್ಲನ್ನು ನೋಡಿ ಬೆಳೆದವರು ನಾವು. ಆದರೆ ಕಠ್ಮಂಡುವಿಗೆ ಹೆಸರು ಕೊಟ್ಟ ಹಳೆಯ ಮರದ ಕಟ್ಟಡ ಕಾಷ್ಠಮಂಡಪ 2015ರ ಭೂಕಂಪದಲ್ಲಿ ಕುಸಿದಿತ್ತು. ಮತ್ತೆ ಎದ್ದು ನಿಂತ ಆ ಮರದ ಕಂಬಗಳ ಬಳಿ ಮಾತಿಲ್ಲದೆ ಕುಳಿತೆವು.

ಪಶುಪತಿನಾಥನನ್ನು ಪೂಜಿಸುವ ಭಟ್ಟರು ಕರ್ನಾಟಕ ಮೂಲದವರೆಂದು ತಿಳಿದಾಗ ಕಣ್ಣು ತುಂಬಿತು. ಮುಂದಿನ ಸಲ ಅಮ್ಮನನ್ನೂ ಕರೆದೊಯ್ಯುತ್ತೇನೆ.